ಏಳನೆಯ ಷರತ್ತು

ಜನವರಿ 6, ಸೋಮವಾರ

ಈ ಡೈರಿ ಬ್ಯಾಂಕು ಕೊಟ್ಟದ್ದು. ದೊಡ್ಡ ಗ್ರಾಹಕರಿಗೆ ಹಂಚಿ ಮಿಕ್ಕಿದ್ದನ್ನು ಶಾಖೆಯ ಮ್ಯಾನೇಜರುಗಳಿಗೆ ದಾಟಿಸಿದ್ದಾರೆ. ಪ್ರತಿ ಪುಟದ ಬುಡದಲ್ಲೂ ನಾಯಕತ್ವದ ಬಗ್ಗೆ ಒಂದು ಸಾಲು ಅಚ್ಚಾಗಿದೆ. ಇವತ್ತಿನದು: ‘ನಿಜವಾದ ನಾಯಕ ಹಿಂದಿರುಗಿ ನೋಡುವುದಿಲ್ಲ.’ ಹಿಂದೆ ಮುಂದೆ ನೋಡದೆ ನಡೆದವರ ಗತಿ ಏನಾಗುತ್ತದೆಂದು ಇದನ್ನು ಬರೆದವನು ನಮ್ಮ ಶಾಖೆಯ ಎದುರಿನ ರಸ್ತೆಗೆ ಬಂದು ನೋಡಲಿ. ಮೇಲ್ಸೇತುವೆ ಕಟ್ಟುತ್ತಾರಂತೆ. ಸದ್ಯಕ್ಕೆ ಗುಂಡಿ ಮಾತ್ರ ಕಟ್ಟಿದ್ದಾರೆ.

ಇದರಲ್ಲಿ ಬರೆಯುವ ಉದ್ದೇಶವೇ ನನಗಿರಲಿಲ್ಲ. ನಿನ್ನೆ ಪಾತ್ರೆ ತೊಳೆಯುತ್ತಾ ಒಬ್ಬಳೇ ಬಯ್ಯುತ್ತಿದ್ದೆ. ನಮ್ಮವರು ನಿವೃತ್ತ ಸರ್ವೇಯರ್, ಮಾತನ್ನೂ ಅಳತೆ ಮಾಡಿಯೇ ಆಡುವವರು. ನೀನು ಲೋಟ ಇಡುವ ಸದ್ದಿಗೆ ನಮ್ಮ ಮನೆಯಲ್ಲಿ ಬಡಗಿ ಕೆಲಸ ನಡೆಯುತ್ತಿದೆ ಅಂತ ಪಕ್ಕದ ಮನೆಯವರು ಅಂದುಕೊಂಡಿದ್ದಾರೆ, ಬಯ್ಯುವುದನ್ನೆಲ್ಲ ಎಲ್ಲಾದರೂ ಬರಿ, ಲೋಟಗಳಾದರೂ ಉಳಿದಾವು ಅಂದರು.

ಸರಿ, ಬರೆಯುತ್ತೇನೆ. ವಲಯ ಮುಖ್ಯಸ್ಥರ ಹುದ್ದೆ ಪ್ರೊಬೇಷನರಿಗೆ ಹೋಯಿತು. ಅವನ ತಲೆಯಲ್ಲಿ ಈಗ ಬಿಳಿ ಕೂದಲಿದೆ, ಎರಡು ಮಕ್ಕಳಿವೆ. ಆದರೂ ನನ್ನ ಪಾಲಿಗೆ ಅವನು ಪ್ರೊಬೇಷನರೇ. ನನ್ನ ಕೈಕೆಳಗೆ ಕೆಲಸ ಕಲಿಯಲು ಬಂದಾಗ ದಿನಾಂಕವಿಲ್ಲದ ಚೆಕ್ಕು ಪಾಸು ಮಾಡಿ, ನಾನು ಕಿವಿ ಹಿಂಡಿದ್ದಕ್ಕೆ ಸ್ಟೇಷನರಿ ಕೋಣೆಗೆ ಹೋಗಿ ಅತ್ತು ಬಂದವನು. ಈಗ ನನ್ನ ಪ್ರಸ್ತಾವಗಳಿಗೆಲ್ಲ ಅವನ ಸಹಿ ಬೇಕು.

ಅರ್ಜಿ ಹಾಕಿದವರನ್ನು ಮಾತ್ರ ಪರಿಗಣಿಸಿದರಂತೆ. ಮುಳುಗುತ್ತಿದ್ದ ಮೂರು ಶಾಖೆಗಳನ್ನು ದಡ ಮುಟ್ಟಿಸಿದವಳು ನಾನು, ಇಡೀ ಬ್ಯಾಂಕಿಗೆ ಗೊತ್ತು. ಅವರೇ ಕರೆಯಬೇಕಿತ್ತು. ನನಗೆ ಕೊಡಿ, ನನಗೆ ಕೊಡಿ ಅಂತ ಕೈಚಾಚಿ ನಿಲ್ಲುವ ಜಾಯಮಾನ ನನ್ನದಲ್ಲ. ಯೋಗ್ಯತೆ ಇದ್ದವರನ್ನು ಕರೆದು ಕೂರಿಸಲು ಗೊತ್ತಿಲ್ಲದ ಸಂಸ್ಥೆ ನಾಯಕತ್ವದ ಡೈರಿ ಅಚ್ಚು ಹಾಕಿಸುತ್ತದೆ.

ಜನವರಿ 9, ಗುರುವಾರ

ಪ್ರೊಬೇಷನರಿಗೆ ಅಭಿನಂದನೆ, ಅದರ ಬೆನ್ನಿಗೇ ನಾಯಕತ್ವ ಶಿಬಿರ. ತರಬೇತುದಾರನೊಬ್ಬ ನಮ್ಮನ್ನು ಗುಂಪು ಮಾಡಿ, ಕಾಗದದ ಕಪ್ಪುಗಳನ್ನು ಒಂದರ ಮೇಲೊಂದು ಪೇರಿಸಲು ಹೇಳಿದ. ತಲೆ ನೆರೆತ ಹದಿನಾರು ಮ್ಯಾನೇಜರುಗಳು ಮಂಡಿಯೂರಿ ಕಪ್ಪು ಜೋಡಿಸಿದೆವು. ನಮ್ಮ ಗುಂಪಿನದು ಬಿದ್ದುಹೋಯಿತು. ನಿಮ್ಮಲ್ಲಿ ಪರಸ್ಪರ ನಂಬಿಕೆ ಸಾಲದು ಅಂದ. ಫ್ಯಾನು ಆರಿಸಿರಲಿಲ್ಲ, ಅದಕ್ಕೆ ಬಿದ್ದದ್ದು.

ಪ್ರೊಬೇಷನರು ಹತ್ತಿರ ಬಂದು, ಮೇಡಂ, ನಿಮ್ಮ ಮಾರ್ಗದರ್ಶನ ಮುಂದಕ್ಕೂ ಇರಲಿ ಅಂದ. ಮೂಗಿಗೆ ತುಪ್ಪ ಸವರುವುದನ್ನು ನಾನು ಕಲಿಸಿರಲಿಲ್ಲ, ಬೇರೆ ಎಲ್ಲೋ ಕಲಿತಿದ್ದಾನೆ. ‘ಸರ್’ ಅನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಏನಪ್ಪ ಅನ್ನುವ ಹಾಗೂ ಇಲ್ಲ. ಯಾರನ್ನೂ ಏನೂ ಅನ್ನದೆ ಗೋಡೆಗೆ ಹೇಳಿದ ಹಾಗೆ, ಒಳ್ಳೆಯದಾಗಲಿ ಎಂದು ಹೇಳಿ ಊಟಕ್ಕೆ ನಿಲ್ಲದೆ ಬಂದೆ.

ಜನವರಿ 17, ಶುಕ್ರವಾರ

ಬಹಳ ದಿನಗಳ ಮೇಲೆ ಕೆಲಸ ಅನ್ನಿಸುವಂಥ ಕೆಲಸ ಮಾಡಿದೆ. ಆಸ್ಪತ್ರೆ ಲಾಂಡ್ರಿಗೆ ತಪಾಸಣೆಗೆ ಹೋಗಿದ್ದೆ. ಈ ನಗರದ ಅರ್ಧ ಆಸ್ಪತ್ರೆಗಳ ಹಾಸಿಗೆ ಬಟ್ಟೆ, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ ಅಲ್ಲೇ ಒಗೆದು, ಇಸ್ತ್ರಿಯಾಗಿ ಹೋಗುವುದು. ಹೊರವಲಯದಲ್ಲಿ ಇನ್ನೊಂದು ದೊಡ್ಡ ಆಸ್ಪತ್ರೆ ಏಳುತ್ತಿದೆ. ಅದರ ಗುತ್ತಿಗೆ ಹಿಡಿಯಬೇಕಾದರೆ ಎರಡನೇ ಘಟಕ ಹಾಕಬೇಕು. ಅದಕ್ಕೆ ನಮ್ಮ ಸಾಲ ಬೇಕು.

ಒಂದೇ ಮನೆಯವರ ಉದ್ದಿಮೆ. ಕಟ್ಟಿ ಬೆಳೆಸಿದವರು ದೊಡ್ಡವರು. ಎಲ್ಲರೂ ಅವರನ್ನು ಹಾಗೇ ಕರೆಯುವುದು. ಕೈಯಲ್ಲಿ ಒಗೆದು ಶುರು ಮಾಡಿದ ಮನುಷ್ಯ, ಬೆರಳ ತುದಿಗಳು ಈಗಲೂ ಬಿಳುಚಿಕೊಂಡಿವೆ. ಮಗ ಕಾಗದದ ಮೇಲೆ ಮ್ಯಾನೇಜಿಂಗ್ ಪಾರ್ಟ್ನರ್. ಒಳ್ಳೆಯ ಅಂಗಿ, ಒಳ್ಳೆಯ ಮಾತು. ಸೊಸೆಯ ಹೆಸರು ಕಾಗದದಲ್ಲಿ ಎಲ್ಲೂ ಇಲ್ಲ.

ಸ್ಥಳ ನೋಡಲು ಹೋದಾಗ ನಾನು ಲೆಕ್ಕಪತ್ರ ಆಮೇಲೆ ನೋಡುತ್ತೇನೆ. ಮೊದಲು ಯಂತ್ರದ ಪಕ್ಕ ನಿಲ್ಲುತ್ತೇನೆ, ಏನಾದರೂ ಕೆಡುವವರೆಗೂ ನಿಲ್ಲುತ್ತೇನೆ. ಯಂತ್ರ ನಿಂತಾಗ ಕೆಲಸಗಾರರು ಯಾರ ಮುಖ ನೋಡುತ್ತಾರೋ ಅವರೇ ಅಲ್ಲಿನ ಯಜಮಾನರು. ಬೋರ್ಡಿನಲ್ಲಿ ಯಾರ ಹೆಸರು ಬೇಕಾದರೂ ಇರಲಿ. ಇದನ್ನು ನನಗೆ ಯಾವ ಶಿಬಿರದವನೂ ಹೇಳಿಕೊಟ್ಟದ್ದಲ್ಲ.

ಇವತ್ತು ಹೆಚ್ಚು ಕಾಯಬೇಕಾಗಲಿಲ್ಲ. ಮಗ ನನಗೆ ಮುಂದಿನ ಐದು ವರ್ಷದ ಯೋಜನೆ ವಿವರಿಸುತ್ತಿದ್ದಾಗ ಇಸ್ತ್ರಿ ರೋಲರಿನ ಬೆಲ್ಟು ಹರಿಯಿತು. ದೊಡ್ಡವರು ಅಲ್ಲೇ ಇದ್ದರು, ಮಗ ಅಲ್ಲೇ ಇದ್ದ. ಒಬ್ಬ ಕೆಲಸಗಾರನೂ ಇವರಿಬ್ಬರ ಕಡೆ ತಿರುಗಲಿಲ್ಲ. ಎಲ್ಲರ ತಲೆಯೂ ಒಂದು ಮೂಲೆಗೆ ಹೊರಳಿತು. ಅಲ್ಲಿ ಜಡೆಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಸೊಸೆ ಚಾದರ ಎಣಿಸುತ್ತಿದ್ದಳು. ಅವಳು ಗಲಾಟೆ ಮಾಡಲಿಲ್ಲ. ಒದ್ದೆ ಬಟ್ಟೆಯನ್ನು ಡ್ರೈಯರಿಗೆ ತಿರುಗಿಸಿ ಅಂದಳು. ಆಸ್ಪತ್ರೆಯ ಸ್ಟೋರಿಗೆ ಫೋನ್ ಮಾಡಿ ಹೆರಿಗೆ ವಾರ್ಡಿಗೆ ಮೊದಲು ಕಳಿಸ್ತೀವಿ, ಉಳಿದದ್ದು ಮಧ್ಯಾಹ್ನ ಅಂದಳು. ಹಳೆಯ ಬೆಲ್ಟು ಎಲ್ಲಿಟ್ಟಿದೆ ಎಂದು ಅವಳಿಗೆ ಗೊತ್ತಿತ್ತು. ದೊಡ್ಡವರು ನೋಡಿ ತಲೆದೂಗಿ ಕಚೇರಿಗೆ ನಡೆದರು. ಮಗ ಐದು ವರ್ಷದ ಯೋಜನೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದ.

ಹೊರಡುವಾಗ ನಾನೇ ಅವಳನ್ನು ಪಕ್ಕಕ್ಕೆ ಕರೆದೆ.

“ಎಲ್ಲಾ ನೀವೇ ನೋಡ್ಕೊಳ್ತೀರ. ಕಾಗದದಲ್ಲಿ ನಿಮ್ಮ ಹೆಸರೇ ಇಲ್ವಲ್ಲಮ್ಮ?”

ಅವಳು ನಕ್ಕಳು. “ಹೆಸರಿಟ್ಕೊಂಡು ಏನ್ಮಾಡ್ಲಿ ಮೇಡಂ? ಬಟ್ಟೆ ಒಣಗಬೇಕು, ಅಷ್ಟೇ.”

ಆ ನಗು ನನಗೆ ಚೆನ್ನಾಗಿ ಗೊತ್ತು. ಎಷ್ಟು ವರ್ಷ ನಾನೂ ಹಾಗೆ ನಕ್ಕಿದ್ದೇನೆ. ಮಗ ದೂರದಿಂದ ನಮ್ಮಿಬ್ಬರನ್ನು ನೋಡುತ್ತಿದ್ದ. ನೋಡಲಿ.

ಜನವರಿ 28, ಮಂಗಳವಾರ

ಲಾಂಡ್ರಿಯ ಪ್ರಸ್ತಾವ ಬರೆದು ಮುಗಿಸಿದೆ. ಮಾಮೂಲಿ ಷರತ್ತುಗಳು ಆರು: ವಿಮೆ, ಜಾಮೀನು, ತ್ರೈಮಾಸಿಕ ವರದಿ ಇತ್ಯಾದಿ. ಏಳನೆಯದು ನನ್ನದು. ‘ಸಾಲ ಬಿಡುಗಡೆಗೆ ಮುನ್ನ ಉದ್ದಿಮೆಯ ನಿಜವಾದ ನಿರ್ವಾಹಕಿಯಾದ ಸೊಸೆಯನ್ನು ಮ್ಯಾನೇಜಿಂಗ್ ಪಾರ್ಟ್ನರ್ ಆಗಿ ನೇಮಿಸತಕ್ಕದ್ದು.’ ಬರೆಯುವಾಗ ಕೈ ಹಗುರಾಗಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಇಷ್ಟು ನ್ಯಾಯವಾದ ವಾಕ್ಯವನ್ನು ನಾನು ಬರೆದಿಲ್ಲ.

ಪ್ರೊಬೇಷನರು ಫೋನ್ ಮಾಡಿದ. ಏಳನೆಯದು ನಮಗ್ಯಾಕೆ ಮೇಡಂ, ಅದು ಅವರ ಮನೆ ವಿಷಯ ಅಲ್ವಾ ಎಂದು ರಾಗ ಎಳೆದ. ಅರ್ಹರನ್ನು ಅರ್ಹ ಜಾಗದಲ್ಲಿ ಕೂರಿಸುವುದು ಎಲ್ಲರಿಗೂ ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ ಅಂದೆ. ಅವನು, ನೀವು ಹೇಳಿದ್ರೆ ಸರಿ ಮೇಡಂ ಅಂದು ಸಹಿ ಮಾಡಿ ಕಳಿಸಿದ. ಬೆನ್ನುಮೂಳೆ ಇಲ್ಲದವನು.

ಅಸಿಸ್ಟೆಂಟ್ ಮ್ಯಾನೇಜರ್ ಹುಡುಗಿ ಬಡ್ತಿ ಪರೀಕ್ಷೆಯ ಫಾರಂ ತಂದು ಮೇಜಿನ ಮೇಲಿಟ್ಟಳು, ನನ್ನ ಶಿಫಾರಸು ಬೇಕಂತೆ. ಕೆಲಸ ಚೆನ್ನಾಗಿಯೇ ಮಾಡುತ್ತಾಳೆ. ಆದರೆ ಈಗಿನವರಿಗೆ ಎಲ್ಲದಕ್ಕೂ ಅವಸರ. ಇಡು, ನೋಡೋಣ, ನಾನೇನು ಕಾಯಲಿಲ್ಲವೇ ಅಂದೆ.

ಫೆಬ್ರುವರಿ 5, ಬುಧವಾರ

ಮಂಜೂರಾತಿ ಪತ್ರ ಕೊಡಲು ಮೂವರನ್ನೂ ಶಾಖೆಗೆ ಕರೆಸಿದ್ದೆ. ಸೊಸೆಯೂ ಬರಲೇಬೇಕು ಎಂದು ಒತ್ತಿ ಹೇಳಿದ್ದೆ. ಅವಳು ಕೆಲಸದ ಬಟ್ಟೆಯಲ್ಲೇ ಬಂದಿದ್ದಳು, ತೋಳಿನ ಹತ್ತಿರ ಸೋಪಿನ ಕಲೆ. ಟೀ ತರಿಸಿದೆ.

ದೊಡ್ಡವರು ಕನ್ನಡಕ ಮರೆತು ಬಂದಿದ್ದರು, ಮಗನೇ ಓದಿದ. ಆರರವರೆಗೆ ಸರಾಗವಾಗಿ ಓದಿದವನು ಏಳಕ್ಕೆ ನಿಂತ. ಓದು ಅಂದರು ದೊಡ್ಡವರು. ಓದಿದ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಪಾಪ, ಸಂತೋಷಕ್ಕೆ ಮಾತೇ ಹೊರಡಲಿಲ್ಲ. ಕೈಯಲ್ಲಿದ್ದ ಕಪ್ಪನ್ನು ಕೆಳಗಿಡುವುದೂ ಗೊತ್ತಾಗದೆ ಹಾಗೇ ಹಿಡಿದು ಕೂತಿದ್ದಳು.

“ಇದನ್ನ ಯಾರು ಕೇಳಿದ್ದು?” ಅಂದರು ದೊಡ್ಡವರು. ಕೇಳಿದ್ದು ನನ್ನನ್ನು, ನೋಡಿದ್ದು ಅವಳನ್ನು.

“ಬ್ಯಾಂಕು ಕೇಳಿದೆ” ಅಂದೆ.

ಮಗ, ಲಾಂಡ್ರಿಗೆ ಬಂದಿದ್ದಾಗ ನೀವಿಬ್ರೂ ಮಾತಾಡ್ತಿದ್ರಿ ಅಂದ. ಹೌದು, ಮಾತಾಡಿದೆವು, ತಪ್ಪೇನು ಎಂದು ನಾನು ಕೇಳಿದೆ. ಅವನು ಪತ್ರವನ್ನು ಮೇಜಿನ ಮೇಲೆ ನೂಕಿದ. ಗಂಡಸರಿಗೆ ಕಾಲ ಕೆಳಗಿನ ನೆಲ ಸರಿದರೆ ಹೀಗೇ ಆಗುವುದು.

ದೊಡ್ಡವರು ಎದ್ದು ನಿಂತು, ಒಂದು ಮಾತು ಹೇಳಲಾ ಮೇಡಂ ಎಂದು ಮೆತ್ತಗೆ ಕೇಳಿದರು. “ನಿಮ್ಮ ಬ್ಯಾಂಕಲ್ಲಿ ದೊಡ್ಡ ಕುರ್ಚಿ ಮೇಲೆ ಎಷ್ಟು ಜನ ಹೆಂಗಸರನ್ನ ಕೂರಿಸಿದೀರಿ? ಈ ಷರತ್ತು ಮೊದಲು ಅಲ್ಲಿ ಹಾಕಿ.”

ಮೈಯೆಲ್ಲ ಉರಿದುಹೋಯಿತು. ಏನು ಹೇಳಿದೆ ನೆನಪಿಲ್ಲ. ನಿಯಮ ನಿಯಮವೇ ಅಂದಿರಬೇಕು. ಪತ್ರಕ್ಕೆ ಸಹಿ ಹಾಕದೆ, ಯೋಚಿಸ್ತೀವಿ ಎಂದು ಎದ್ದು ಹೋದರು. ಅವಳು ಎಲ್ಲರ ಹಿಂದೆ ಹೋದಳು. ಬಾಗಿಲಲ್ಲಿ ಒಮ್ಮೆ ತಿರುಗಿ ನನ್ನನ್ನು ನೋಡಿದಳು. ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳುವ ಹೆಣ್ಣಲ್ಲ ಅದು.

ಫೆಬ್ರುವರಿ 6

ದೊಡ್ಡ ಕುರ್ಚಿ ಅಂತೆ. ನನಗೇ ಹೇಳುತ್ತಾನೆ ಮುದುಕ.

ಫೆಬ್ರುವರಿ 14, ಶುಕ್ರವಾರ

ಲಾಂಡ್ರಿಯವರ ಸುದ್ದಿ ಇಲ್ಲ. ಬರುತ್ತಾರೆ. ಆಸ್ಪತ್ರೆಯ ಗುತ್ತಿಗೆ ತಿಂಗಳ ಕೊನೆಗೆ ತೀರ್ಮಾನ, ಬಾರದೆ ಎಲ್ಲಿಗೆ ಹೋಗುತ್ತಾರೆ?

ಶಾಖೆಯಲ್ಲಿ ಶಿಸ್ತು ಸಡಿಲವಾಗಿದೆ. ಬೆಳಿಗ್ಗೆ ಕ್ಯಾಷಿಯರಿಗೆ, ಲಾಕರ್ ಗುಮಾಸ್ತನಿಗೆ, ಅಸಿಸ್ಟೆಂಟ್ ಮ್ಯಾನೇಜರಿಗೆ ಒಟ್ಟಿಗೇ ಪೂಜೆ ಮಾಡಿದೆ. ಮಧ್ಯಾಹ್ನ ನೆಟ್‌ವರ್ಕ್ ಹೋಯಿತು. ಹೊರಗೆ ಗ್ರಾಹಕರ ಗದ್ದಲ. ನನ್ನ ಕೋಣೆಯ ಗಾಜಿನಿಂದ ನೋಡಿದರೆ ಇಡೀ ಶಾಖೆ ಅಸಿಸ್ಟೆಂಟ್ ಮ್ಯಾನೇಜರ್ ಹುಡುಗಿಯ ಮೇಜಿನ ಸುತ್ತ ನಿಂತಿತ್ತು. ನನ್ನ ಬಾಗಿಲು ಹಾಕಿತ್ತು, ಅದಕ್ಕೇ ಇರಬೇಕು. ಅವಳು ಯಾರಿಗೋ ಫೋನ್ ಮಾಡಿದಳು, ವಯಸ್ಸಾದವರನ್ನು ಕೂರಿಸಿದಳು, ಟೋಕನ್ ಬರೆದು ಕೊಟ್ಟಳು. ನಾನು ಹೊರಗೆ ಬರುವ ಹೊತ್ತಿಗೆ ಎಲ್ಲರೂ ಅವರವರ ಜಾಗದಲ್ಲಿ ಕೂತು ತಲೆ ತಗ್ಗಿಸಿದ್ದರು. ಕೆಲಸ ಬಿಟ್ಟು ಗುಂಪುಗೂಡಬೇಡಿ ಎಂದು ಗದರಿದೆ.

ಪುಟದ ಬುಡದ ಸಾಲನ್ನು ಇವತ್ತು ಓದಲಿಲ್ಲ, ಮಸಿ ಬಳಿದೆ.

ಫೆಬ್ರುವರಿ 25, ಮಂಗಳವಾರ

ಊಟದ ಹೊತ್ತಿಗೆ ನಮ್ಮವರು, ಆ ಲಾಂಡ್ರಿ ಹೆಣ್ಣುಮಗಳು ನಿನ್ನ ಹತ್ತಿರ ಏನಾದರೂ ಕೇಳಿದ್ದಳಾ ಅಂದರು. ಕೇಳಬೇಕಾ, ಕಣ್ಣಿಗೆ ಕಾಣುವುದಿಲ್ಲವಾ ಅಂದೆ. ಕಾಣುತ್ತೆ, ಆದರೆ ಬೇರೆಯವರ ಜಮೀನಲ್ಲಿ ಕಲ್ಲು ನೆಡೋ ಮೊದಲು ನಾವು ನೋಟೀಸು ಕೊಡ್ತಿದ್ವಿ ಅಂದರು. ಸರ್ವೇ ಇಲಾಖೆಯ ಬುದ್ಧಿ. ನಾನು ತಟ್ಟೆ ಎತ್ತಿಕೊಂಡು ಎದ್ದೆ. ತಟ್ಟೆ ಇಟ್ಟ ಸದ್ದಿಗೆ ಅವರು ಮತ್ತೆ ಮಾತಾಡಲಿಲ್ಲ.

ಅವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ.

ಮಾರ್ಚ್ 4, ಮಂಗಳವಾರ

ಬೇರೆ ಬ್ಯಾಂಕಿಗೆ ಹೋಗಿದ್ದಾರೆ. ಏಳನೆಯ ಷರತ್ತಿಲ್ಲದೆ ಅಲ್ಲಿ ಸಾಲ ಸಿಕ್ಕಿದೆ. ಇಷ್ಟು ವರ್ಷದ ಖಾತೆ, ಇಷ್ಟು ವರ್ಷದ ನಂಬಿಕೆ, ಎಲ್ಲವನ್ನೂ ಗಾಳಿಗೆ ತೂರಿ, ಖಾತೆ ಮುಚ್ಚುವ ಅರ್ಜಿಯನ್ನು ಕೊರಿಯರಿನಲ್ಲಿ ಕಳಿಸಿದ್ದಾರೆ. ಮುಖ ತೋರಿಸುವ ಧೈರ್ಯವಿಲ್ಲ.

ಹೋಟೆಲಿನಲ್ಲಿ ಲಾಂಡ್ರಿ ನೋಡಿಕೊಳ್ಳುತ್ತಿದ್ದ ಒಬ್ಬನನ್ನು ಮ್ಯಾನೇಜರ್ ಅಂತ ತಂದು ಕೂರಿಸಿದ್ದಾರಂತೆ. ಹಾಗಾದರೆ ಅವಳು? ಯಾರಿಗೂ ಗೊತ್ತಿಲ್ಲ.

ಪ್ರೊಬೇಷನರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾನು ಹೇಳಿರಲಿಲ್ಲವಾ ಎಂದಿದ್ದರೆ ಬೈಯಬಹುದಿತ್ತು. ಹೋಗ್ಲಿ ಬಿಡಿ ಮೇಡಂ, ಬೇರೆ ಗಿರಾಕಿ ಬರ್ತಾರೆ ಅಂದ. ಅವನು ಆಗಲೇ ತಡೆಯಬೇಕಿತ್ತು. ಮೇಲೆ ಕೂತವನು ಮತ್ತೆ ಯಾತಕ್ಕೆ ಇರುವುದು?

ಅಸಿಸ್ಟೆಂಟ್ ಮ್ಯಾನೇಜರ್ ಫಾರಂ ವಿಷಯ ಮತ್ತೆ ಎತ್ತಿದಳು. ಇವತ್ತು ಬಂದೇ ಎತ್ತಬೇಕಿತ್ತಾ? ನಿನ್ನದೊಂದೇ ನನಗೆ ಕೆಲಸವಾ ಎಂದು ಕೂಗಿದೆ. ಹೊರಗೆಲ್ಲ ಕೇಳಿಸಿರಬೇಕು. ಅವಳು ಸ್ಟೇಷನರಿ ಕೋಣೆಗೆ ಹೋದಳು. ಬಂದಾಗ ಕಣ್ಣು ಕೆಂಪಾಗಿತ್ತು.

ಮಾರ್ಚ್ 10, ಸೋಮವಾರ

ಅವಳು ಬಂದಿದ್ದಳು.

ಖಾತೆ ಮುಚ್ಚುವ ಕಾಗದಕ್ಕೆ ನನ್ನ ಸಹಿಯೊಂದು ಬಾಕಿ ಇತ್ತು ಅಂತ ಮಗನ ಬದಲು ಅವಳನ್ನು ಕಳಿಸಿದ್ದಾರೆ. ಕೆಲಸದ ಬಟ್ಟೆಯಲ್ಲಿರಲಿಲ್ಲ. ಜಡೆಯಲ್ಲಿ ಪೆನ್ಸಿಲ್ ಇರಲಿಲ್ಲ. ಯಾರ ಮನೆಗೋ ನೆಂಟರಾಗಿ ಹೊರಟವರ ಹಾಗಿದ್ದಳು. ನನ್ನ ಕೋಣೆಗೆ ಕರೆದು ಕೂರಿಸಿದೆ. ಟೀ ಬೇಡ ಅಂದಳು.

ಅವರು ಮಾಡಿದ್ದು ಅನ್ಯಾಯ ಎಂದು ನಾನು ಶುರು ಮಾಡಿದೆ. ಅವಳು ನಡುವೆ ತಡೆದು ನಡೆದದ್ದನ್ನು ಹೇಳಿದಳು. ಪತ್ರ ಓದಿದ ದಿನವೇ ಮನೆಯಲ್ಲಿ ಮಾತು ನಿಂತಿತಂತೆ. ಅವಳೇ ಬ್ಯಾಂಕಿಗೆ ಬಂದು, ಹಿಂದಿನಿಂದ ಕೇಳಿ, ಈ ಷರತ್ತು ಹಾಕಿಸಿಕೊಂಡಿದ್ದಾಳೆ ಎಂದು ಗಂಡ ನಂಬಿದ್ದಾನೆ. ಅವನ ಕಣ್ಣೆದುರೇ ನಾವಿಬ್ಬರೂ ಮಾತಾಡಿದ್ದೆವಲ್ಲ. ಅಲ್ಲ ಎಂದು ಹೇಳಿ ಹೇಳಿ ಅವಳ ಬಾಯಿ ಒಣಗಿದೆ. ಹೊಸ ಮ್ಯಾನೇಜರ್ ಬಂದ ದಿನ ಮಾವ, ನೀನಿನ್ನು ಮನೇಲಿ ಆರಾಮಾಗಿರಮ್ಮ ಅಂದರಂತೆ. ಅಂದಿನಿಂದ ಲಾಂಡ್ರಿಗೆ ಕಾಲಿಟ್ಟಿಲ್ಲ.

ನಾನು ಮುಂದಕ್ಕೆ ಬಾಗಿ, ನೀನೇ ಒಂದು ಲಾಂಡ್ರಿ ಹಾಕು, ಚಿಕ್ಕದಾದರೂ ಸರಿ, ಸಾಲ ನಾನು ಕೊಡಿಸ್ತೀನಿ, ಅವರ ಎದುರಿಗೇ ಹಾಕು ಅಂದೆ. ನಿಜವಾಗಿ ಅಂದೆ. ಅಲ್ಲೇ ಅರ್ಜಿಯನ್ನೂ ತೆಗೆದೆ.

ಅವಳು ನನ್ನನ್ನು ನೋಡಿದ ರೀತಿಗೆ ಕೈ ನಿಂತಿತು.

“ಇನ್ನೂ ಮುಗೀಲಿಲ್ವಾ ಮೇಡಂ ನಿಮಗೆ?” ಅಂದಳು. “ನನಗೆ ಬೇರೆ ಲಾಂಡ್ರಿ ಬೇಡ. ಆ ಲಾಂಡ್ರಿ ನಂದೇ ಆಗಿತ್ತು. ಯಾರೂ ಕೊಟ್ಟಿರ್ಲಿಲ್ಲ, ಯಾರೂ ಕಿತ್ಕೊಳ್ಳೋ ಹಾಗೂ ಇರ್ಲಿಲ್ಲ. ನೀವು ಯಾರ ಮೇಲೆ ಸಿಟ್ಟು ಮಾಡ್ಕೊಂಡಿದ್ರೋ ನನಗೆ ಗೊತ್ತಿಲ್ಲ. ಆ ಜಗಳಾನ ನಿಮ್ಮ ಆಫೀಸಲ್ಲಿ ಆಡ್ಬೇಕಿತ್ತು. ನಮ್ಮನೇಗೆ ಬಂದು ಆಡಿದ್ರಿ.”

ಸಹಿಯಾದ ಕಾಗದ ತೆಗೆದುಕೊಂಡು ಹೋದಳು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು.

ಎಂಥ ಕೃತಘ್ನತೆ. ಅವಳಿಗಾಗಿ ನಾನು ಇಷ್ಟು ದೊಡ್ಡ ಗಿರಾಕಿಯನ್ನು ಕಳೆದುಕೊಂಡೆ. ಅವಳಿಗಾಗಿ ವಲಯ ಕಚೇರಿಯ ಎದುರು ಸಣ್ಣವಳಾದೆ. ನನಗೇನು ಬೇಕಿತ್ತು? ಅವಳಿಗೆ ಅರ್ಥವಾಗುವುದಿಲ್ಲ. ನನಗೆ ಯಾರ ಮೇಲೂ ಸಿಟ್ಟಿಲ್ಲ. ಇದ್ದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಾರ್ಚ್ 11

ಸಂಬಂಧವಿಲ್ಲ.

ಮಾರ್ಚ್ 12, ಬುಧವಾರ

ಬೆಳಿಗ್ಗೆ ಬೇಗ ಹೋಗಿ ನನ್ನ ಮೇಜು ಸರಿಮಾಡಿದೆ. ಕಡತಗಳ ಅಡಿಯಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಹುಡುಗಿಯ ಫಾರಂ ಇತ್ತು. ಕೊನೆಯ ದಿನ ಆಗಲೇ ದಾಟಿತ್ತು. ಅವಳು ಬಂದಾಗ ಕೂರು ಅಂದೆ. ನನ್ನ ಎದುರು ಕೂರುವುದಕ್ಕೂ ಹೆದರಿದಳು. ಶಿಫಾರಸು ಬರೆದೆ, ಇದ್ದದ್ದನ್ನು ಇದ್ದ ಹಾಗೆ. ನೆಟ್‌ವರ್ಕ್ ಹೋದ ದಿನ ಅವಳು ಮಾಡಿದ್ದನ್ನೂ ಬರೆದೆ.

ಆಮೇಲೆ ವಲಯ ಮುಖ್ಯಸ್ಥರಿಗೆ ಫೋನ್ ಮಾಡಿದೆ. ತಡವಾದದ್ದು ನನ್ನಿಂದ, ಅವಳಿಂದ ಅಲ್ಲ, ದಯವಿಟ್ಟು ತೆಗೆದುಕೊಳ್ಳಬೇಕು ಅಂದೆ. ತಕ್ಷಣ ಒಪ್ಪಿದರು. ಫೋನ್ ಇಡುವ ಮೊದಲು, ಇನ್ನೇನಾದ್ರೂ ಇತ್ತಾ ಮೇಡಂ ಎಂದು ಕೇಳಿದರು. ಇತ್ತು. ಆ ಕುರ್ಚಿಯಲ್ಲಿ ನಾನು ಕೂರಬೇಕಿತ್ತು, ನನಗೆ ಬಹಳ ಸಿಟ್ಟು ಬಂದಿದೆ, ಇವತ್ತಿಗೂ ಹೋಗಿಲ್ಲ ಅಂದೆ. ಧ್ವನಿ ನಡುಗಿತು. ನಡುಗಿದ್ದಕ್ಕೆ ಮತ್ತೂ ಸಿಟ್ಟು ಬಂತು.

ಗೊತ್ತು ಮೇಡಂ, ನೀವು ಅರ್ಜಿ ಹಾಕ್ತೀರ ಅಂದ್ಕೊಂಡು ಕೊನೇ ದಿನದವರೆಗೂ ನಾನು ಹಾಕಿರ್ಲಿಲ್ಲ ಅಂದರು.

ಮೆಲ್ಲಗೆ ಫೋನ್ ಇಟ್ಟೆ. ಸಿಟ್ಟು ಹೋಗಿಲ್ಲ, ಆದರೆ ಇವತ್ತು ಮನೆಗೆ ಬಂದು ಬಯ್ಯಲು ಯಾರೂ ಸಿಗಲಿಲ್ಲ. ನಮ್ಮವರು ಹಣೆ ಮುಟ್ಟಿ ನೋಡಿ, ಜ್ವರ ಇಲ್ಲ ಅಂದರು.

ಮಾರ್ಚ್ 15, ಶನಿವಾರ

ದೊಡ್ಡವರ ಮನೆಗೆ ಹೋಗಿದ್ದೆ. ಬ್ಯಾಂಕಿನ ಕಾರಿನಲ್ಲಿ ಅಲ್ಲ, ಬಸ್ಸಿನಲ್ಲಿ. ಮೊದಲೇ ಫೋನ್ ಮಾಡಿ, ಬರಬಹುದಾ ಎಂದು ಕೇಳಿಯೇ ಹೋದೆ. ಬರಬೇಡಿ ಅಂದಿದ್ದರೆ ಏನು ಮಾಡುತ್ತಿದ್ದೆನೋ. ಬನ್ನಿ ಅಂದರು, ಅಷ್ಟೇ.

ನಡುಮನೆಯಲ್ಲಿ ದೊಡ್ಡವರು, ಮಗ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಬಂದದ್ದು ಅವಳಿಗೆ ಬೇಡವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತೆಲ್ಲ ಎಲ್ಲೋ ಹೋಯಿತು. ಇದ್ದದ್ದನ್ನೇ ಹೇಳಿದೆ. ಏಳನೆಯ ಷರತ್ತು ನನ್ನದು. ಅವಳು ಕೇಳಿರಲಿಲ್ಲ, ಬೇಕು ಅಂದಿರಲಿಲ್ಲ, ಅವಳಿಗೆ ಗೊತ್ತೇ ಇರಲಿಲ್ಲ. ಆ ದಿನ ಮಾತಾಡಿಸಿದ್ದೂ ನಾನೇ.

ಮಗ, ಮತ್ತೆ ಯಾಕೆ ಬರೆದ್ರಿ ಅಂದ. ಕೇಳಬೇಕಾದ್ದೇ.

ಯಾವತ್ತೂ ಗಿರಾಕಿಯ ಮನೆಯಲ್ಲಿ ನನ್ನ ವಿಷಯ ಆಡಿದವಳಲ್ಲ ನಾನು. “ನನಗೆ ಬರ್ಬೇಕಾದ ಕುರ್ಚಿ ಬೇರೆಯವರಿಗೆ ಹೋಯ್ತು. ಆ ಸಿಟ್ಟಿತ್ತು. ನಿಮ್ಮನೇಲಿ ತೀರಿಸ್ಕೊಂಡೆ” ಅಂದೆ. ಕೂತುಕೊಳ್ಳಿ ಎಂದು ಯಾರೂ ಅನ್ನಲಿಲ್ಲ.

ಮಗ ಹೆಂಡತಿಯ ಕಡೆ ನೋಡಿದ. ಅವಳು ಅವನ ಕಡೆ ನೋಡಲಿಲ್ಲ. ಇಷ್ಟು ದಿನ ನಂಬದೇ ಹೋದದ್ದಕ್ಕೆ ಅವನಿಗೆ ಮುಂದೆ ಬೇಕಾದಷ್ಟು ಅನುಭವಿಸುವುದಿದೆ.

ದೊಡ್ಡವರು ಬಹಳ ಹೊತ್ತು ತಮ್ಮ ಬಿಳುಚಿದ ಬೆರಳುಗಳನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಹೇಳಿದ್ದನ್ನು ಮರೆಯಲಾರೆ.

“ಅವಳು ಕೇಳೋಳಲ್ಲ ಅಂತ ನನಗೆ ಗೊತ್ತಿತ್ತು ಮೇಡಂ. ಅವನು ನಂಬಿದ್ದ, ನಾನು ನಂಬಿರ್ಲಿಲ್ಲ. ಆದ್ರೆ ನೀವು ಬರೆಯೋವರೆಗೂ ಈ ಮನೇಲಿ ಯಾರೂ ಅವಳಿಗೆ ಇಲ್ಲ ಅಂದಿರ್ಲಿಲ್ಲ. ಬರೆದ ಮೇಲೆ ಹೂಂ ಅನ್ಬೇಕು, ಇಲ್ಲಾ ಊಹೂಂ ಅನ್ಬೇಕು. ಮಗನ್ನ ಎದುರಿಗಿಟ್ಕೊಂಡು ಹೂಂ ಅನ್ನೋಕೆ ನನಗೆ ಆಗ್ಲಿಲ್ಲ. ಒಂದ್ಸಲ ಊಹೂಂ ಅಂದಮೇಲೆ ಈಗ ಯಾವ ಮುಖ ಇಟ್ಕೊಂಡು ಬಾ ಅನ್ಲಿ?”

ಹೊಸ ಮ್ಯಾನೇಜರನ ಕೈಯಲ್ಲಿ ಹೋದ ವಾರ ಎರಡು ಆಸ್ಪತ್ರೆಗಳ ಬಟ್ಟೆ ಅದಲು ಬದಲಾಗಿದೆ ಎಂದು ಮಗ ಗೊಣಗಿದ. ಯಾರಿಗೆ ಹೇಳಿದನೋ. ಅಪ್ಪ ಕೇಳಿಸಿಕೊಳ್ಳದವರಂತಿದ್ದರು. ನಾನು ಅವಳಿಗಾಗಿ ಇನ್ನೊಂದು ಮಾತು ಆಡಲು ಬಾಯಿ ತೆರೆದೆ.

ಅವಳು ಬಾಗಿಲು ಬಿಟ್ಟು ನಡುಮನೆಯ ಮಧ್ಯಕ್ಕೆ ಬಂದಳು. ಕೈ ಒದ್ದೆಯಿತ್ತು. ನನ್ನ ಕಡೆ ತಿರುಗಲೇ ಇಲ್ಲ.

“ಮಾವ, ಇದನ್ನ ಬ್ಯಾಂಕಿನೋರು ಹೇಳಿಕೊಟ್ಟಿದ್ದಲ್ಲ. ನಾನೇ ಕೇಳ್ತಿದೀನಿ. ಆ ಜಾಗ ನಂದು. ಕೆಲಸಾನೂ ಬೇಕು, ಈ ಸಲ ಹೆಸರೂ ಬೇಕು. ಕೊಡೋಕಾಗಲ್ಲ ಅಂದ್ರೆ ನನ್ನ ಮುಖ ನೋಡಿ ಹೇಳಿ, ಮನೇಲಿ ಆರಾಮಾಗಿರು ಅಂತ ಹೇಳ್ಬೇಡಿ.”

ದೊಡ್ಡವರು ತಲೆ ಎತ್ತಿದರು. ಮಗ ಏನೋ ಹೇಳಹೊರಟ, ಅವಳು ಕೈ ಎತ್ತಿ ತಡೆದಳು. ಹೌದು, ಅಷ್ಟೇ, ಬಿಡಬೇಡ ಎಂದು ಕೂಗಬೇಕು ಅನ್ನಿಸಿತು. ಒಂದು ಹೆಜ್ಜೆ ಮುಂದೆ ಬಂದೆನೋ ಏನೋ.

ಆಗ ತಿರುಗಿದಳು. ಸಿಟ್ಟಿಲ್ಲದೆ, ಬಾಗಿಲು ತೋರಿಸುವವರ ಹಾಗೆ ಹೇಳಿದಳು.

“ನೀವಿನ್ನು ಹೊರಡಿ ಮೇಡಂ. ಇದು ನಮ್ಮನೆ ಮಾತು.”

ಚಪ್ಪಲಿ ಹಾಕಿಕೊಂಡು ಅಂಗಳಕ್ಕೆ ಬರುವಷ್ಟರಲ್ಲಿ ಒಳಗೆ ಮೂರು ಧ್ವನಿಗಳೂ ಒಟ್ಟಿಗೇ ಏರಿದವು. ದೊಡ್ಡವರದು, ಮಗನದು, ಅವೆರಡರ ಮೇಲೆ ಅವಳದು. ಮಾತು ಬಿಡಿಸಿ ಕೇಳಿಸುತ್ತಿರಲಿಲ್ಲ. ಇನ್ನು ಸ್ವಲ್ಪ ನಿಂತಿದ್ದರೆ ಯಾರು ಸೋತರು, ಯಾರು ಗೆದ್ದರು ಎಂದು ತಿಳಿಯುತ್ತಿತ್ತು. ಕಾಲು ನಿಂತೇ ಇತ್ತು. ಗೇಟು ಮುಂದೆ ಮಾಡಿ ಬಸ್ ಸ್ಟಾಪಿಗೆ ನಡೆದೆ.